ಕುಂಕುಮ ಹಚ್ಚಿದ ಹೊಲಿಗೆ ಯಂತ್ರ

“ಇದರ ಪೂಜಿ ಮಾಡಾಕ ಬರ್ತೈತ್ರಿ ಮೇಡಂ, ಹೊಲಿಯಾಕ ಬರೂದಿಲ್ರಿ” ಎಂದಳು ಹತ್ತನೇ ತರಗತಿಯ ಆ ಹುಡುಗಿ. ಎದುರಿಗೆ ಸಾಲಾಗಿ ನಿಂತಿದ್ದ ಹೊಲಿಗೆ ಯಂತ್ರಗಳ ಮೇಲೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಹಾರ. ಸೂಜಿಗೆ ಸುತ್ತಿದ್ದ ಕಂಪನಿಯ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ.

ಬಡ ಮಕ್ಕಳಿಗೆ ಶಾಲೆಯಲ್ಲೇ ಕಸುಬು ಕಲಿಸುವ ಯೋಜನೆ ಹೇಗೆ ನಡೆದಿದೆ ಎಂದು ನೋಡಲು, ಹಾನಗಲ್ಲ, ಶಿಗ್ಗಾವಿ ಮುಗಿಸಿ ನಾನು ಸವಣೂರು ಕಡೆಯ ಆ ಶಾಲೆಗೆ ಹೋಗಿದ್ದೆ. ಕಲಿಸುವವರು ಬರಲೇ ಇಲ್ಲವಂತೆ. ಯಂತ್ರ ಕೆಟ್ಟರೆ ಯಾರು ಹೊಣೆ ಎಂದು ಮುಖ್ಯ ಶಿಕ್ಷಕರು ಕೋಣೆಗೆ ಬೀಗ ಹಾಕಿಸಿದ್ದರು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

ಹೊರಡುವಾಗ ಹುಡುಗಿ ಜೀಪಿನ ತನಕ ಓಡಿ ಬಂದಳು. “ಹೊಲಿಗಿ ಕಲತ್ರ ಕಾಲೇಜಿಗೆ ಹಾಕ್ತೇನಿ, ಇಲ್ಲಂದ್ರ ಹತ್ತಿ ಬೀಜದ ಹೊಲಕ್ಕ ಕೂಲಿಗೆ ನಡಿ ಅಂದಾನ್ರಿ ಅಪ್ಪ. ಇವತ್ತೊಂದಿನದಾಗ ನೀವ ಕಲಿಸ್ತೀರೇನ್ರಿ?”

ಅವಳೊಂದಿಗೆ ತಿರುಗಿ ಒಳಗೆ ಹೋದೆ. ಹಾರ ಸರಿಸಿ, ಸೂಜಿಯ ಪ್ಲಾಸ್ಟಿಕ್ ಕಿತ್ತು ದಾರ ಕೇಳಿದೆ. ಇಡೀ ಶಾಲೆಯಲ್ಲಿ ಒಂದು ದಾರದ ಉಂಡೆ ಇರಲಿಲ್ಲ. ಅಷ್ಟರಲ್ಲಿ ಹಿರೇಕೆರೂರಿಗೆ ತಡವಾಯಿತೆಂದು ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಹುಡುಗಿ, ನಾನು ಸರಿಸಿದ್ದ ಹಾರವನ್ನು ಯಂತ್ರಕ್ಕೆ ನೆಟ್ಟಗೆ ಹಾಕಿ, ಅದಕ್ಕೆ ಕೈ ಮುಗಿದಳು.

ಈ ಸಲ ಆಯುಧ ಪೂಜೆಯ ದಿನ, ಮನೆಯಲ್ಲಿರುವ ನನ್ನ ಹೊಲಿಗೆ ಯಂತ್ರದ ಮುಂದೆ ಕುಂಕುಮದ ಬಟ್ಟಲು ಹಿಡಿದು ನಿಂತೆ. ಹಚ್ಚಲು ಕೈ ಏಳಲಿಲ್ಲ.