ಸೋದರತ್ತೆಯ ಕಳವು, ಡಾಕ್ಟರನ ತಲೆಗೆ

ನನ್ನ ಹಿರಿಯ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಕಣ್ಣಿನ ಆಪರೇಷನ್ ಆದಮೇಲೆ, ಪ್ರತಿ ಗುರುವಾರ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ ಏನಾದರೂ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಅಕ್ಕ ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವರು. ನಾನು ಕಾನ್ವೆಂಟಿನವಳು. ಒಟ್ಟಿಗಿದ್ದ ಕಾಲದಲ್ಲಿ ಇಂಗ್ಲಿಷ್ ಪತ್ರ ಬಂದರೆ ಮಾವ ನನ್ನನ್ನೇ ಕರೆಯುತ್ತಿದ್ದರು. ಅಡಿಗೆ, ಮಕ್ಕಳು, ಬಂದವರ ಉಪಚಾರ ಎಲ್ಲದರಲ್ಲೂ ಅಕ್ಕನೇ ಮೇಲು. ನನಗಿದ್ದದ್ದು ಅದೊಂದೇ ಮಾನ.

ಈ ಸಲ ಒಯ್ದದ್ದು ಒಂದೂವರೆ ನೂರು ವರ್ಷ ಹಳೆಯ ಇಂಗ್ಲಿಷ್ ಡಿಟೆಕ್ಟಿವ್ ಕಾದಂಬರಿ. ದೊಡ್ಡ ಬಂಗಲೆ, ಅದರ ಕೀಲಿಗಳನ್ನೆಲ್ಲ ಇಟ್ಟುಕೊಂಡ ಯಜಮಾನನ ಸೋದರತ್ತೆ, ಕಳುವಾದ ಕಂಠೀಹಾರ, ಲಂಡನ್ನಿನಿಂದ ಬಂದ ಪೊಲೀಸ್. ಅವನು ಬೂಟಿನ ಗುರುತು ಅಳೆಯುವುದಕ್ಕೇ ಒಂದು ಇಡೀ ಚಾಪ್ಟರ್ ಹೋಗುತ್ತದೆ. ಬೆರಳಚ್ಚಿಲ್ಲ, ಕ್ಯಾಮೆರಾ ಇಲ್ಲ. ಫೋನಿನಲ್ಲಿ ಅಷ್ಟೊಂದು ಡಿಟೆಕ್ಟಿವ್ ಸೀರಿಯಲ್ ನೋಡಿದ ನನಗೆ ಇದು ಚೈಲ್ಡ್ಸ್ ಪ್ಲೇ ಅನ್ನಿಸಿತ್ತು. ಆ ಮನೆಗೆ ಬಂದುಹೋಗುವ, ಬಹಳ ಒಳ್ಳೆಯವನಾದ ಡಾಕ್ಟರನೇ ಕಳ್ಳ ಎಂದು ನಾನು ಡಿಸೈಡ್ ಮಾಡಿದ್ದೆ.

ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ನಾಲ್ಕನೆಯ ಚಾಪ್ಟರಿಗೆ ಅಕ್ಕ ಕೈ ಎತ್ತಿದರು.

"ಸಾಕ ನಿಲ್ಲಸ. ಅಕಿ ಸೋದರತ್ತೀನ ಕಳ್ಳಿ."

"ಹೆಂಗ್ರೀ ಅಕ್ಕಾರ? ಇನ್ನೂ ಮುನ್ನೂರು ಪೇಜ್ ಅದಾವ!"

"ಮನ್ಯಾಗ ಕಳವಾದ್ರ ಕೀಲಿ ಇಟಗೊಂಡಾಕಿ ಮೊದಲ ಉಗ್ರಾಣಕ್ಕ ಓಡತಾಳ. ಬೆಳ್ಳಿ ತಾಟು, ತುಪ್ಪದ ಗಡಗಿ, ಎಲ್ಲಾ ನೋಡತಾಳ. ಇಕಿ ಚಹಾ ಕುಡಕೋತ ಕುಂತಾಳ. ಬ್ಯಾರೆ ಏನೂ ಹೋಗಿಲ್ಲಂತ ಇಕಿಗೆ ಮೊದಲ ಗೊತ್ತೈತಿ."

ಕಾನ್ವೆಂಟಿನಲ್ಲಿ ಕೊನೆಯ ಪುಟ ಮೊದಲು ನೋಡುವವರನ್ನು ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವತ್ತು ವಾಪಸು ಬರುವ ರೈಲು ದೇಸೂರು ದಾಟುವುದರೊಳಗೆ ನಾನು ಕೊನೆಯ ಪುಟ ತೆರೆದಿದ್ದೆ. ಸೋದರತ್ತೆಯೇ. ಇಂಗ್ಲಿಷ್ ಪುಸ್ತಕದಲ್ಲೂ ಅಕ್ಕನೇ ಮೇಲಾಗಬೇಕೇ?

ಮುಂದಿನ ಗುರುವಾರಗಳಲ್ಲಿ ಸೋದರತ್ತೆಯ ಸುದ್ದಿ ಬಂದಲ್ಲೆಲ್ಲ ಹಾರಿಸಿದೆ. ಕೊನೆಗೆ ಪುಟದ ಮೇಲೆ ಕಣ್ಣಿಟ್ಟುಕೊಂಡೇ ಡಾಕ್ಟರನಿಗೆ ಬೇಡಿ ಹಾಕಿಸಿದೆ. ದನಿ ಸ್ವಲ್ಪವೂ ನಡುಗಲಿಲ್ಲ.

ಪುಸ್ತಕ ಮುಚ್ಚಿದೆ. ನಾನು ಗೆದ್ದೆ ಎಂದುಕೊಂಡೆ.

"ಬರದಾಂವ ತಪ್ಪ್ಯಾನ," ಎಂದರು ಅಕ್ಕ. "ಪಾಪ, ಆ ಡಾಕ್ಟರ್ ಸುಮ್ಮನ ಜೇಲಿಗೆ ಹೋದ. ಪೆನ್ ತಗೀ. ಅಂವಗೊಂದು ಪತ್ರ ಬರಿ."

"ಅಂವ ಸತ್ತು ನೂರು ವರ್ಷದ ಮ್ಯಾಲಾತ್ರೀ."

"ಹಂಗಾದ್ರ ಅಚ್ಚು ಹಾಕಿದವರಿಗೆ ಬರಿ. ನೀ ಬರದ್ರ ಇಂಗ್ಲಿಷ್‌ನವರೂ ಕೇಳತಾರ."

ನನ್ನ ಓದಿನ ಮೇಲೆ ಅವರಿಗೆ ಒಂದಿಷ್ಟೂ ಸಂಶಯ ಬಂದಿರಲಿಲ್ಲ. 'ಡಿಯರ್ ಸರ್' ಎಂದು ಬರೆದೆ. ಮುಂದೆ ಕೈ ಓಡಲಿಲ್ಲ. ಪುಸ್ತಕ ತೆಗೆದು ಆ ಕೊನೆಯ ಚಾಪ್ಟರನ್ನು ಮತ್ತೆ ಓದಿದೆ, ಈ ಸಲ ಇದ್ದಂತೆಯೇ.

"ಮತ್ತ ಆಗ ಡಾಕ್ಟರ್ ಅಂದಿ?"

"ಹೊಟ್ಟಿಕಿಚ್ಚಿಗೆ ಅಂದ್ನಿರೀ ಅಕ್ಕಾರ."

ಅವರು ಕಪ್ಪು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. "ಅಯ್ಯ, ಇಷ್ಟಕ್ಕ ಆ ಮನಷ್ಯಾನ ಮಾನ ಕಳದ್ಯಲ್ಲ!" ಎಂದು ಮೈ ಕುಲುಕಿಸಿ ನಕ್ಕರು.

ಆಗಲೇ ಬಾಜು ಮನೆಯವರು ಮಾತಾಡಿಸಲು ಬಂದರು. ಈಗ ನನ್ನ ಬಣ್ಣ ಬಯಲಾಯಿತು ಎಂದು ತಲೆ ತಗ್ಗಿಸಿದೆ.

"ಬರ್ರಿ, ಕುಂದರ್ರಿ," ಎಂದರು ಅಕ್ಕ. "ನಮ್ಮ ತಂಗಿ ಎಷ್ಟ ಚಂದ ಓದತಾಳಂತೀರಿ! ಇಕಿ ಓದಿದ್ದಕ್ಕ ಕಳ್ಳಿ ಸಿಕ್ಕಳು."

ಡಾಕ್ಟರನ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನಾಗಿದ್ದರೆ ಊರಿಗೆಲ್ಲ ಹೇಳುತ್ತಿದ್ದೆ. ಅದಕ್ಕೂ ಹೊಟ್ಟೆ ಉರಿಯಿತು.