ಡಿಸ್ಕಿಗೆ ಹಚ್ಚಿದ ಕುಂಕುಮ

ಇದನ್ನು ಹೇಳಲು ಇಷ್ಟು ವರ್ಷ ತಡ ಮಾಡಿದೆ. ಮರೆತಿದ್ದೆ ಎಂದರೆ ಸುಳ್ಳು. ಹೇಡಿತನ, ಅಷ್ಟೇ.

ಹಳಿಯಾಳದಲ್ಲಿ ನನ್ನದೊಂದು ವಿಡಿಯೋ ಸ್ಟುಡಿಯೋ ಇತ್ತು. ದಾಂಡೇಲಿ, ಜೋಯಿಡಾ, ಮುಂಡಗೋಡದವರೆಗೂ ಮದುವೆಗಳಿಗೆ ಹೋಗುತ್ತಿದ್ದೆವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಚಿತ್ರ ತುಂಬಿಡಲು ನಾಲ್ಕು ಹಾರ್ಡ್ ಡಿಸ್ಕ್ ಒಟ್ಟಿಗೆ ಕೂಡುವ ಪೆಟ್ಟಿಗೆ ತಂದೆ. ಒಂದು ಕೆಟ್ಟರೂ ಉಳಿದ ಮೂರು ಸೇರಿ ಎಲ್ಲವನ್ನೂ ಕಾಯುತ್ತವೆ ಎಂದಿದ್ದ ಮಾರಿದವನು. ಚಿತ್ರ ಪೆಟ್ಟಿಗೆಗೆ ಇಳಿದ ಕೂಡಲೇ ಟೇಪನ್ನು ಮುಂದಿನ ಮದುವೆಗೆ ಬಳಸಬೇಕೆಂಬುದು ನನ್ನ ಕಟ್ಟಪ್ಪಣೆ.

ಎಡಿಟಿಂಗಿಗೆ ಕೂರುತ್ತಿದ್ದವಳು ಹತ್ತಿರದ ಹಳ್ಳಿಯ ಸಿದ್ದಿ ಹೆಣ್ಣುಮಗಳು. ರಜೆಯ ದಿನ ನನ್ನ ಹಳೆಯ ಕ್ಯಾಮೆರಾ ಹಿಡಿದು ಹಳ್ಳಿಗಳಲ್ಲಿ ಮುದುಕಿಯರ ಹಾಡು ತುಂಬಿಕೊಂಡು ಬರುತ್ತಿದ್ದಳು. ಅವನ್ನೂ ಅದೇ ಪೆಟ್ಟಿಗೆಗೆ ಇಳಿಸಿಡುತ್ತಿದ್ದಳು; ಅದರಲ್ಲಿ ಅವಳ ಅವ್ವನದೂ ಇತ್ತು. ಒಂದು ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಆಮೇಲೆ ಊಟದ ಹೊತ್ತಿನಲ್ಲಿ ಇವಳು ಹೆಡ್‌ಫೋನ್ ಹಾಕಿಕೊಂಡು ಆ ಹಾಡನ್ನೇ ಕೇಳುತ್ತಿದ್ದಳು.

ಖಂಡೇನವಮಿ ಬಂತು. ಕ್ಯಾಮೆರಾ, ಲೈಟು ಒರೆಸಿದೆ. ಒಳಗಿನ ಧೂಳು ಹಾಗೇ ಬಿಟ್ಟರೆ ಅದೆಂಥ ಆಯುಧ ಪೂಜೆ? ಪೆಟ್ಟಿಗೆಯ ನಾಲ್ಕೂ ಡಿಸ್ಕ್ ಎಳೆದು, ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮುಂದಿಟ್ಟು ಆರತಿ ಬೆಳಗಿದೆ. ಆಮೇಲೆ ಯಾವುದು ಎಲ್ಲಿತ್ತೆಂದು ನೋಡದೆ ಕೈಗೆ ಬಂದಂತೆ ತುರುಕಿದೆ.

ಹಬ್ಬ ಮುಗಿಸಿ ಬಂದು ಅವಳು ಗುಂಡಿ ಒತ್ತಿದರೆ ಕೆಂಪು ದೀಪ. ಒಂದೂ ಫೈಲು ತೆರೆಯಲಿಲ್ಲ. ಏನಾಗಿದೆಯೆಂದು ನನಗೆ ಆಗಲೇ ಹೊಳೆಯಿತು. ಆದರೂ ಅವಳ ಮೇಲೆಯೇ ಹರಿಹಾಯ್ದೆ.

"ಕರೆಂಟ್ ಹೋದಾಗ ಹಂಗ ಬಿಟ್ಟು ಮನಿಗಿ ಹೋಗಿದ್ದಿ, ಹೌದಿಲ್ಲೋ?"

"ಇಲ್ರಿ ಕಾಕಾ, ಬಂದ್ ಮಾಡೇ ಹೋಗಿದ್ದೆ."

"ಹಾಡ ಕೇಳ್ಕೋತ ಕುಂತ್ರ ಧ್ಯಾನ ಎಲ್ಲಿರ್ತೈತಿ!"

ಹುಬ್ಬಳ್ಳಿಯಿಂದ ರಿಪೇರಿಯವನು ಬರುವ ಮೊದಲು ಡಿಸ್ಕುಗಳ ಕುಂಕುಮವನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆದೆ. ಅವನು ನೇರವಾಗಿ ಕೇಳಿದ.

"ಖರೇ ಹೇಳ್ರಿ ಸಾಹೇಬ್ರ, ಇವನ್ನ ಯಾರರ ಹೊರಗ ತಗದಾರೇನು? ಅದಲ ಬದಲ ಆಗಿದ್ರ ಸರಿ ಜೋಡಿಸಿ ಎಲ್ಲಾ ವಾಪಸ್ ತರ್ತೇನಿ. ಆಗಿಲ್ಲಂದ್ರ ಇದ್ದ ಸಾಲಿನ್ಯಾಗ ಹೊಸದಾಗಿ ಕಟ್ಟಸ್ತೇನಿ. ಸಾಲು ತಪ್ಪಿದ್ರ ಹಳೇದರ ಮ್ಯಾಲ ಬರದು ಬಿಡ್ತೈತಿ, ಮತ್ತ ಸಿಗೂದಿಲ್ಲ."

"ಯಾರೂ ಮುಟ್ಟಿಲ್ಲಪಾ," ಎಂದೆ.

ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತು ಸಾಕಿತ್ತು. ನನ್ನ ಸುಡುಗಾಡು ಮರ್ಯಾದೆಗೆ ಅಂಜಿ ಆ ಮಾತು ಆಡಲಿಲ್ಲ.

ಸಂಜೆಗೆ ಹಸಿರು ದೀಪ ಹತ್ತಿತು. ಒಳಗಿದ್ದದ್ದು ಬರೀ ಕಸ. ಮದುವೆಯವರು ಬೈಯಲು ಬಂದಾಗಲೆಲ್ಲ ಅವಳತ್ತ ಬೆರಳು ತೋರಿಸಿದೆ. ಅವಳು ಕೆಲಸ ಬಿಟ್ಟಳು.

ಕೆಲವು ವರ್ಷಗಳ ನಂತರ ಮೌಳಂಗಿಯ ಹೊಳೆದಂಡೆಯಲ್ಲಿ ಸಿಕ್ಕಳು, ಮಗಳ ಕೈ ಹಿಡಿದು.

"ಕಾಕಾ, ಅವತ್ತ ನಾ ಏನ್ ತಪ್ಪ ಮಾಡಿದ್ನೋ ಇನ್ನೂ ತಿಳಿವಲ್ದು. ಈಕಿಗಿ ಅವ್ವನ ಹಾಡ ಕಲಸ್ಬೇಕಂದ್ರ ನನಗ ಅರ್ಧಾನೂ ನೆನಪಿಲ್ಲ."

ನಾನು ಏನೆಂದೆ ಗೊತ್ತೆ? "ಹೋಗ್ಲಿ ಬಿಡವಾ, ನಾ ಎಂದೋ ಮರ್ತೇನಿ." ಅವಳನ್ನು ಕ್ಷಮಿಸಿದವನ ಹಾಗೆ! ಆ ನಾಲಿಗೆಗೆ ಬೆಂಕಿ ಬೀಳಲಿ.

ಈಚೆಗೆ ಮದುವೆಯವರಿಗೆ ತಪ್ಪು ನನ್ನದೇ ಎಂದು ಕೈಮುಗಿದಿದ್ದೇನೆ. ಹುಬ್ಬಳ್ಳಿಯವನಿಗೂ ಫೋನಿನಲ್ಲಿ ನಿಜ ಹೇಳಿದೆ. ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನೇ, ನನ್ನ ಎಡಿಟಿಂಗ್ ಮೇಜಿನ ಮುಂದೆ ಕೂತು ಸತ್ತ ಅವ್ವನ ಹಾಡು ಕೇಳುತ್ತಿದ್ದ ಆ ಮಗಳನ್ನು.