ದೊಡ್ಡ ವಿಮಾನದ ದರ

ನಾನು ಶಿಕಾರಿಪುರದವಳು, ನನ್ನ ಗಂಡ ಸೊರಬದವರು. ಇಬ್ಬರೂ ಒಂದೇ ಸಣ್ಣ ಕಂಪನಿಯಲ್ಲಿ ಪೈಲಟ್‌ಗಳು. ನಾವು ಹಾರಿಸುತ್ತಿದ್ದ, ರೆಕ್ಕೆಯ ಮೇಲೆ ಫ್ಯಾನು ತಿರುಗುವ ಸಣ್ಣ ವಿಮಾನವನ್ನು ಊರಿನವರು ‘ಮಿನಿ ಬಸ್ಸು’ ಎಂದು ಗೇಲಿ ಮಾಡುತ್ತಿದ್ದರು. ಮಾಡಲಿ. ಹೈದರಾಬಾದಿನಲ್ಲಿ ನಮಗೊಂದು ಬಾಡಿಗೆ ಮನೆಯಿತ್ತು. ಮೊದಲು ಮನೆ ಸೇರಿದವರು ಅನ್ನಕ್ಕಿಡಬೇಕು ಎಂಬ ಕರಾರಿತ್ತು. ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ಕಂಪನಿ ದೊಡ್ಡ ಜೆಟ್‌ಗಳನ್ನು ತರಿಸಿತು. ಸೀಟು ಹೆಚ್ಚು, ತೂಕ ಹೆಚ್ಚು, ಹೊಣೆ ಹೆಚ್ಚು. ಹಾರಾಟದ ಗಂಟೆಗೆ ನಮಗೆ ಕೊಡುವ ದರ ಮಾತ್ರ ಹಳೆಯದೇ. ಕಲಿಯುವ ಅವಕಾಶ ಸಿಗುವುದೇ ದೊಡ್ಡದಲ್ಲವೇ ಎಂದು ಮೂಗಿಗೆ ತುಪ್ಪ ಸವರಿದರು. ಪೈಲಟ್‌ಗಳ ಪರವಾಗಿ ಮಾತಾಡಲು ಮೂವರನ್ನು ಆರಿಸಿದಾಗ, ಜಗಳಗಂಟಿಯೊಬ್ಬಳು ಇರಲಿ ಎಂದು ನನ್ನನ್ನೂ ಸೇರಿಸಿದರು. ನನ್ನಪ್ಪ ಶಿಕಾರಿಪುರದ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ದಲಾಲಿ. ವಿಷಯ ತಿಳಿದು ಫೋನ್ ಮಾಡಿದರು. “ನಿನಗೇನು ಬೇಕೋ ಅದನ್ನ ಮುಖದ ಮ್ಯಾಲೆ ತೋರಿಸಬ್ಯಾಡವ್ವ, ಅದನ್ನೇ ಹಿಡ್ಕಂತಾರ” ಎಂದರು.

ನನಗೆ ಬೇಕಾಗಿದ್ದದ್ದು ದರವಲ್ಲ. ಹಿರಿತನದ ಪ್ರಕಾರ ದೊಡ್ಡ ವಿಮಾನ ನನ್ನ ಗಂಡನ ಪಾಲಿಗೆ ಬರುತ್ತಿತ್ತು, ನನ್ನ ಸರದಿ ಬಹಳ ದೂರವಿತ್ತು. ದೊಡ್ಡ ವಿಮಾನಕ್ಕೆ ಹೋಗುವವರನ್ನು ಹೈದರಾಬಾದಿನಲ್ಲೇ ಉಳಿಸಿ ಎಂಬ ಬೇಡಿಕೆಯನ್ನು ಪಟ್ಟಿಗೆ ಸೇರಿಸಿದವಳು ನಾನೇ. ಸಂಸಾರವಿರುವ ಎಲ್ಲರಿಗೂ ಅದು ಬೇಕಿತ್ತು.

ತಿಂಗಳುಗಟ್ಟಲೆ ಎಳೆದಾಡಿದ ಮೇಲೆ ಒಂದು ಬೆಳಿಗ್ಗೆ ಕಂಪನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಕೇಳಿದ ದರ ಕೊಡುತ್ತೇವೆ, ಆದರೆ ದೊಡ್ಡ ವಿಮಾನದವರೆಲ್ಲ ದೆಹಲಿಯಲ್ಲಿರಬೇಕು, ಐದು ವರ್ಷ ವರ್ಗಾವಣೆ ಕೇಳಬಾರದು. ಊಟದ ಹೊತ್ತಿಗೆ ಹೇಳಿ ಎಂದರು. ಜೊತೆಯ ಇಬ್ಬರು ಆಗಲೇ ಪೆನ್ನು ತೆಗೆದಿದ್ದರು. ನಾನು ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ.

ದರ ಎಷ್ಟಕ್ಕೆ ನಿಂತಿತು ಎಂದು ಕೇಳಿದರು. ಹೇಳಿದೆ. “ಸಿಕ್ತಲ್ಲ” ಎಂದರು. ದೆಹಲಿಯ ವಿಷಯವನ್ನೂ ಹೇಳಿದೆ. ಬೇಡ ಎಂಬ ಒಂದು ಮಾತು ಬಂದಿದ್ದರೆ ಒಳಗೆ ಹೋಗಿ ಸಂಜೆಯವರೆಗೂ ಕಚ್ಚಾಡುತ್ತಿದ್ದೆ, ಜೊತೆಯ ಇಬ್ಬರನ್ನೂ ಒಪ್ಪಿಸುತ್ತಿದ್ದೆ.

“ಇನ್ನೆಂತ ನೋಡ್ತಿದ್ದೀಯ, ಸಹಿ ಹಾಕು. ರಜ ಸಿಕ್ದಾಗ ಬರ್ತೀನಲ್ಲ” ಎಂದರು.

ಸಹಿ ಹಾಕಿದೆ. ಪೇಡ ಹಂಚಿದರು, ನಾನೂ ತಿಂದೆ. ನನ್ನ ಎದೆ ಒಡೆದದ್ದು ದೆಹಲಿಯಿಂದಲ್ಲ, ಅವರು ಅಷ್ಟು ಸಲೀಸಾಗಿ ಒಪ್ಪಿದ್ದರಿಂದ. ಮೊದಮೊದಲು ವಾರಕ್ಕೊಮ್ಮೆ ಬಂದರು, ಆಮೇಲೆ ತಿಂಗಳಿಗೊಮ್ಮೆ. ಕೊನೆಗೆ, ಬರಲಿಲ್ಲವೆಂದು ಜಗಳವಾಡುವುದನ್ನೂ ನಾನು ಬಿಟ್ಟೆ. ಜಗಳಗಂಟಿ ಬಾಯಿ ಮುಚ್ಚಿದಳೆಂದರೆ ಮನೆ ಕೆಟ್ಟಿತೆಂದೇ ಲೆಕ್ಕ.

ಈ ಸಲದ ಭೂಮಿ ಹುಣ್ಣಿಮೆ ಹಬ್ಬಕ್ಕೆ ಇಬ್ಬರೂ ಸೊರಬಕ್ಕೆ ಹೋದೆವು. ಅಕ್ಕಪಕ್ಕ ಉಣ್ಣಲು ಕೂತಿದ್ದೆವು. ಅತ್ತೆ ಬಡಿಸುತ್ತಾ ನನ್ನನ್ನು ಕೇಳಿದರು:

“ಎಲ್ರ ಪರವಾಗಿ ಅಷ್ಟು ವಾದ ಮಾಡ್ದವಳು, ಗಂಡ ಹೆಂಡ್ತಿ ಒಂದೇ ಊರಲ್ಲಿ ಇರ್ಬೇಕು ಅಂತ ಗಟ್ಟಿಯಾಗಿ ಕೇಳ್ಬಾರ್ದಿತ್ತನೇ?”

ಉತ್ತರ ಅವರೇ ಹೇಳಲಿ ಎಂದು ನಾನು ಗಂಡನ ಕಡೆ ನೋಡಿದೆ. ಅವರು ಮಜ್ಜಿಗೆ ಅನ್ನ ಕಲಸುತ್ತಾ, ತಲೆ ಎತ್ತದೆ, “ಸಹಿ ಹಾಕಿದ್ದು ಅವಳೇ ಅಲ್ವನಮ್ಮ” ಎಂದರು.

ಎಲೆಯ ಮುಂದಿನಿಂದ ಅರ್ಧಕ್ಕೆ ಏಳಬಾರದೆಂದು ಬಡಿಸಿದ್ದನ್ನೆಲ್ಲ ಉಂಡೆ. ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಶಿಕಾರಿಪುರಕ್ಕೆ ಹೊರಟೆ. ಬಸ್ ಸ್ಟಾಂಡಿನವರೆಗೆ ಬಂದವರು ಅತ್ತೆ. ಗಂಡ ಜಗಲಿಯಲ್ಲೇ ನಿಂತು, ದೆಹಲಿ ತಲುಪಿದ ಮೇಲೆ ಫೋನ್ ಮಾಡುತ್ತೇನೆ ಎಂದರು.